ನೋವಿನ ತವರು

ನೋವು ತೋರಿದೆಡೆಯಲ್ಲಿಯೇ ಅದರ ತವರೂ ಇರಬೇಕೆಂದು ಭಾವಿಸುವುದು ಲೋಕರೂಢಿ. ಚನ್ನಪಟ್ಟಣದ ಒಂದು ಮನೆಯಲ್ಲಿಯೂ ಹಾಗೆಯೇ ಭಾವಿಸಿದ್ದರು.

ಆ ಮನೆಯ ಯಜಮಾನನು ಬೊಂಬೆ ಕಡೆಯುವವನು. ತಿರುಗುವ ಆಲೆಮರದ ತುಂಡಿಗೆ ಉಳಿಯನ್ನು ಒತ್ತಿ ಹಿಡಿಯುವುದು, ಬಳಿಕ ಅರಗಿನ ಕಡ್ಡಿಯನ್ನೊತ್ತಿ ಬಣ್ಣವೇರಿಸುವುದು, ಇದೇ ಮೂವತ್ತು ವರ್ಷಗಳ ದುಡಿಮೆ. ಬಲಭುಜದ ಮುಂಭಾಗದಲ್ಲಿ ನೋವು ಹುಟ್ಟಿ, ಅಂಗಿಯ ತೋಳಿಗೆ ಕೈ ತೂರಿಸುವುದೂ ದುಸ್ತರವಾಯಿತು. ಉಳಿ ಹಿಡಿಯದಿದ್ದರೆ ಒಲೆಯುರಿಯದ ಸಂಸಾರ. ಪತ್ನಿಯು ಪ್ರತಿರಾತ್ರಿಯೂ ಎಳ್ಳೆಣ್ಣೆ ಕಾಯಿಸಿ ನೊಂದೆಡೆಯನ್ನೇ ತಿಕ್ಕಿದಳು. ಫಲ ಕಾಣಲಿಲ್ಲ.

ಫಿಸಿಯೋಥೆರಪಿ ಕಲಿತು ರಾಮನಗರದಲ್ಲಿ ಕೆಲಸದಲ್ಲಿರುವ ಸೋದರಸೊಸೆ ಒಂದು ಭಾನುವಾರ ಬಂದಳು. ಕೈಯಲ್ಲಿ ಜೋಮುಂಟೆ, ಜ್ವರವುಂಟೆ, ಎದೆಯಲ್ಲಿ ಬಾಧೆಯುಂಟೆ ಎಂದು ಮೊದಲು ವಿಚಾರಿಸಿದಳು. ಇದ್ದಿದ್ದರೆ ನೇರವಾಗಿ ವೈದ್ಯರಲ್ಲಿಗೆ ಕಳುಹುತ್ತಿದ್ದಳು. ಇಲ್ಲವೆಂದು ತಿಳಿದ ಮೇಲೆ ಬೆನ್ನ ಹಿಂದೆ ಕುಳಿತು, ಹೆಗಲೆಲುಬನ್ನು ಹೊದ್ದ ಮಾಂಸಖಂಡವನ್ನು ಹೆಬ್ಬೆರಳಿನಿಂದ ತಡವುತ್ತ ಒಂದೆಡೆ ಒತ್ತಿ ನಿಲ್ಲಿಸಿದಳು.

“ಅಯ್ಯೋ, ಒತ್ತುವುದು ಹಿಂದೆ, ಚುಚ್ಚುವುದು ಮುಂದೆ!” ಎಂದು ಅವನು ಕೂಗಿದನು.

“ನೋಡಿದಿರಾ ಅತ್ತೆ, ಇಷ್ಟು ದಿನ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿರಿ” ಎಂದು ಅವಳು ನಕ್ಕಳು.

ಬಿಗಿದ ಮಾಂಸತಂತುವಿನಲ್ಲಿ ಕಾಳಿನಂತೆ ಬೆರಳಿಗೆ ತಾಗುವ ಈ ಗಂಟಿಗೆ ಟ್ರಿಗರ್ ಪಾಯಿಂಟ್ ಎಂದು ಹೆಸರು. ಅಮೆರಿಕೆಯ ಜಾನೆಟ್ ಟ್ರಾವೆಲ್ ಎಂಬ ವೈದ್ಯೆಯು 1942ರಲ್ಲಿಯೇ ಭುಜ ತೋಳುಗಳ ಇಂಥ ನೋವನ್ನು ಕುರಿತು ಬರೆದಳು. ಅಧ್ಯಕ್ಷ ಕೆನೆಡಿಯ ಬೆನ್ನುನೋವಿಗೆ ಚಿಕಿತ್ಸೆ ಮಾಡಿದವಳೂ ಅವಳೇ. ಡೇವಿಡ್ ಸೈಮನ್ಸನೊಡನೆ ಬರೆದ ಅವಳ ದೊಡ್ಡ ಗ್ರಂಥವು 1983ರಲ್ಲಿ ಹೊರಬಂದಿತು. ಗಂಟಿನ ಸ್ವರೂಪವನ್ನು ಕುರಿತು ವೈದ್ಯರಲ್ಲಿ ವಾದವಿನ್ನೂ ಮುಗಿದಿಲ್ಲ. ಒಬ್ಬನ ಬೆರಳಿಗೆ ಸಿಕ್ಕುದು ಮತ್ತೊಬ್ಬನ ಬೆರಳಿಗೆ ಸಿಕ್ಕದಿರುವುದೂ ಉಂಟು. ಇದು ನಮ್ಮ ಮರ್ಮವೇ ಅಲ್ಲವೆ ಎಂದು ಹಿಗ್ಗುವವರು ತುಸು ತಾಳಬೇಕು. ಸುಶ್ರುತನು ಹೇಳುವ 107 ಮರ್ಮಗಳಲ್ಲಿ 11 ಮಾಂಸಮರ್ಮಗಳೇನೋ ಹೌದು. ಆದರೆ ಅವು ಶಸ್ತ್ರವೈದ್ಯನು ಗಾಯವಾಗದಂತೆ ಕಾಯಬೇಕಾದ ಸ್ಥಾನಗಳು.

ಕಲಿಯುವ ಭಾರ ಪತ್ನಿಯ ಪಾಲಿಗೆ ಬಂದಿತು. ಮೊದಲ ದಿನ ಹಿಟ್ಟು ನಾದುವಂತೆ ಒತ್ತಿದಳು. ಮರುದಿನ ಚರ್ಮ ಕಂದಿತ್ತು. ಬಲವಲ್ಲ, ತಾಳ್ಮೆ ಬೇಕೆಂದು ಸೊಸೆ ತಿದ್ದಿದಳು: ಸಹಿಸುವಷ್ಟೇ ಒತ್ತಿ, ಹತ್ತು ಉಸಿರಾಡುವವರೆಗೆ ಬೆರಳನ್ನು ಕದಲಿಸದೆ, ಅಡಿಯಲ್ಲಿ ಬಿಗಿ ಸಡಿಲುವುದನ್ನು ಕಾಯಬೇಕು, ಬೆನ್ನೆಲುಬನ್ನೂ ಕುತ್ತಿಗೆಯ ಮುಂಭಾಗವನ್ನೂ ಮುಟ್ಟಲಾಗದು. ಕಾಯುವುದು ಆಕೆಗೆ ತಿಕ್ಕುವುದಕ್ಕಿಂತ ಕಷ್ಟವಾಯಿತು.

ಹೆಂಡತಿಗೆ ಶ್ರಮವೇಕೆಂದು ಅವನು ತಾನೇ ಒಂದು ಮರದ ಚೆಂಡನ್ನು ಕಡೆದು, ಗೋಡೆಗೂ ಬೆನ್ನಿಗೂ ನಡುವೆ ಇಟ್ಟು ಒರಗಿದನು, ಪ್ರಾಣವೇ ಹೋದಂತಾಯಿತು. ಮೊಮ್ಮಗನ ರಬ್ಬರ್ ಚೆಂಡೇ ಸರಿಯೆಂದು ಸೊಸೆ ಹೇಳಿದಳು. ಮೂರನೆಯ ವಾರ ಅಂಗಿಯ ತೋಳಿಗೆ ಕೈ ತಾನಾಗಿ ಹೋಯಿತು. ಈಗ ಗಂಟೆಗೊಮ್ಮೆ ಉಳಿಯನ್ನಿಳಿಸಿ ಏಳಬೇಕೆಂಬುದು ಆಕೆಯ ಕಟ್ಟಪ್ಪಣೆ. ಚೆಂಡು ಕಳೆದುಕೊಂಡ ಮೊಮ್ಮಗನಿಗೆ ಆ ಮರದ ಚೆಂಡೇ ಕೆಂಪರಗಿನ ಬಣ್ಣ ತಳೆದು ದೊರೆಯಿತು.