ಚಂದ್ರದ್ರೋಣ ಪರ್ವತದಲ್ಲಿ ಎರಡು ದಿನ

ಹಿರಿಯೂರು ಸೀಮೆಯವರಾದ ನಮಗೆ ನೀರೆಂದರೆ ಮಾರಿಕಣಿವೆಯ ನೀರು. ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡಲಾಗಿ 1897ರಲ್ಲಿ ಕಟ್ಟಲಾರಂಭಿಸಿ 1907ರಲ್ಲಿ ಮುಗಿಸಿದ ಈ ಜಲಾಶಯಕ್ಕೆ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರಿದ್ದರೂ ಊರವರ ಬಾಯಲ್ಲಿ ಅದು ಇಂದಿಗೂ ಕಣಿವೆಯೇ. 1933ರಲ್ಲಿ ಅದು ಮೊದಲ ಬಾರಿಗೆ ಕೋಡಿ ಬಿದ್ದುದನ್ನು ನಮ್ಮ ಅಜ್ಜನವರು ಕಣ್ಣಾರೆ ಕಂಡಿದ್ದರು. ಆ ಕಥೆಯನ್ನು ಕೇಳುತ್ತಲೇ ಬೆಳೆದ ನಮ್ಮ ತಂದೆಯವರು ಎಂಬತ್ತು ತುಂಬುವವರೆಗೂ ಕೋಡಿಯನ್ನು ಕಾಣಲಿಲ್ಲ. ಅವರು ಕಂಡದ್ದು ಬರವನ್ನು. 2017ರಲ್ಲಿ ನಾಲೆ ಒಣಗಿ, ಕೊಳವೆಬಾವಿ ಬತ್ತಿ, ತೋಟದ ತೆಂಗಿನ ಮರಗಳು ಒಂದೊಂದಾಗಿ ಸುಳಿ ಚೆಲ್ಲಿದಾಗ ಅವರೇ ನಿಂತು ಅವನ್ನು ಕಡಿಸಿದರು. ಆ ದಿನ ಮನೆಯಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ.

2022ರ ಸೆಪ್ಟೆಂಬರಿನಲ್ಲಿ, ಎಂಬತ್ತೊಂಬತ್ತು ವರ್ಷಗಳ ತರುವಾಯ, ಜಲಾಶಯ ಮತ್ತೆ ಕೋಡಿ ಬಿತ್ತು. ತಾಲ್ಲೂಕಿಗೆ ತಾಲ್ಲೂಕೇ ಅಲ್ಲಿ ನೆರೆದಿತ್ತು. ತಂದೆಯವರು ಕೋಡಿಯ ನೀರನ್ನು ಬಹಳ ಹೊತ್ತು ನೋಡುತ್ತಿದ್ದು, "ಇದು ಎಲ್ಲಿಂದ ಬರ್ತದೋ ಅಲ್ಲಿಗೆ ನನ್ನನ್ನ ಒಮ್ಮೆ ಕರ್ಕೊಂಡು ಹೋಗಪ್ಪ" ಎಂದರು. ಮಳೆಯ ಜೊತೆಗೆ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಎತ್ತಿ ಹರಿಸಿದ ನೀರೂ ಅದರಲ್ಲಿ ಸೇರಿತ್ತೆಂದು ನಾವು ತಿಳಿಸಿದೆವು. "ಅದೂ ಯಾವುದೋ ಬೆಟ್ಟದ್ದೇ ತಾನೆ" ಎಂದುಬಿಟ್ಟರು.

ವೇದಾವತಿಯ ತವರು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತ. ಅರ್ಧಚಂದ್ರಾಕಾರವಾಗಿ ಬಾಗಿರುವ ಈ ಸಾಲಿನ ಪೂರ್ವದ ಇಳಿಜಾರಿನಲ್ಲಿ ವೇದಾ, ಅವತಿ ಎಂಬ ಎರಡು ಹಳ್ಳಗಳು ಹುಟ್ಟುತ್ತವೆ. ವೇದಾ ಸಖರಾಯಪಟ್ಟಣದ ಅಯ್ಯನಕೆರೆಯನ್ನೂ ಅವತಿ ಮದಗದಕೆರೆಯನ್ನೂ ತುಂಬಿ, ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಪಶ್ಚಿಮಕ್ಕೆ ಬಿದ್ದ ಮಳೆ ಜಾಗರದ ಕಣಿವೆಯ ಸೋಮವಾಹಿನಿಯಾಗಿ ಭದ್ರೆಯನ್ನು ಸೇರುತ್ತದೆ. ಇದೇ ಬೆಟ್ಟಗಳಲ್ಲಿ ಹುಟ್ಟುವ ಯಗಚಿ ಬೇಲೂರಿನ ಮೇಲೆ ಹಾಯ್ದು ಹೇಮಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಒಂದೇ ಬೆಟ್ಟದ ನೀರು ಕೃಷ್ಣೆಗೂ ಕಾವೇರಿಗೂ ಹಂಚಿಹೋಗುವುದನ್ನು ನಾವು ಶಾಲೆಯ ಭೂಪಟದಲ್ಲಿ ನೋಡಿದ್ದೆವಾದರೂ ಅದು ನಮ್ಮ ಮನೆಯ ಸಂಗತಿಯೆಂದು ಎಂದೂ ಅನ್ನಿಸಿರಲಿಲ್ಲ.

ಆ ವರ್ಷದ ಕಾರ್ತಿಕದಲ್ಲಿ, ಮಳೆ ನಿಂತು ಹುಲ್ಲು ಇನ್ನೂ ಹಸಿರಾಗಿದ್ದಾಗ, ನಾವು ಹನ್ನೊಂದು ಮಂದಿ ಎರಡು ವಾಹನಗಳಲ್ಲಿ ಹೊರಟೆವು. ಮೊಣಕಾಲು ನೋವಿನ ಹಿರಿಯರನ್ನು ಗಿರಿಗೆ ಕರೆದೊಯ್ಯುವುದು ಸಲ್ಲದೆಂದು ತಾಯಿಯವರು ಮುನಿಸಿಕೊಂಡರು. ಕೊನೆಗೆ ಅವರೇ ರೊಟ್ಟಿಯ ಗಂಟು ಕಟ್ಟಿಕೊಂಡು ಮುಂದಿನ ಸೀಟಿನಲ್ಲಿ ಕುಳಿತರು. ನಮ್ಮ ಸೋದರಿಯ ಮಕ್ಕಳು ಒಂದು ಗೋಣಿಚೀಲವನ್ನೂ ವಾಹನಕ್ಕೆ ಏರಿಸಿದ್ದರು. ಅದರ ತುಂಬ ಬೀಜದುಂಡೆಗಳು! ಹೊಂಗೆ, ಬೇವು, ಹುಣಸೆಯ ಬೀಜಗಳನ್ನು ಕೆಮ್ಮಣ್ಣು, ಸಗಣಿಗಳಲ್ಲಿ ಉಂಡೆ ಕಟ್ಟಿ ಒಣಗಿಸಿದ್ದರು. ಮುಳ್ಳಯ್ಯನಗಿರಿ ಬೋಳಾಗಿದೆ, ಮರಗಳಿದ್ದರೆ ಮಳೆ ಹೆಚ್ಚುತ್ತದೆ, ನಮ್ಮ ಕಣಿವೆ ವರ್ಷವರ್ಷವೂ ತುಂಬುತ್ತದೆ ಎಂಬುದು ಅವರ ಲೆಕ್ಕ. ಲೆಕ್ಕ ಸರಿಯೆಂದೇ ತೋರಿತು. ಶಹಬ್ಬಾಸ್ ಎಂದು ಬೆನ್ನು ತಟ್ಟಿದವರಲ್ಲಿ ನಾವೇ ಮೊದಲಿಗರು.

ಹೊಸದುರ್ಗ, ಕಡೂರುಗಳ ಮೇಲೆ ಚಿಕ್ಕಮಗಳೂರು ತಲುಪಿ, ಗಿರಿಯ ತಪ್ಪಲಿನಲ್ಲಿರುವ ಬಂಧುಗಳೊಬ್ಬರ ಕಾಫಿ ತೋಟದಲ್ಲಿ ಇಳಿದುಕೊಂಡೆವು. ಗಿರಿಯ ಮೇಲೆ ರಾತ್ರಿ ತಂಗಲು ಅನುಮತಿಯಿಲ್ಲ; ಇರಬಾರದೂ ಹೌದು. ಹುಲ್ಲು ಒಣಗಿದ ಮೇಲೆ ಒಂದು ಕಿಡಿ ಬಿದ್ದರೂ ಸಾಲಿಗೆ ಸಾಲೇ ಹೊತ್ತಿಕೊಳ್ಳುತ್ತದೆ. ಆದುದರಿಂದ ಮಕ್ಕಳ ಡೇರೆಗಳನ್ನು ತೋಟದ ಮನೆಯ ಕಾಫಿ ಒಣಗಿಸುವ ಕಣದಲ್ಲಿಯೇ ಹಾಕಿದೆವು. ರಾತ್ರಿ ಮಂಜು ಇಳಿದು ಡೇರೆಯ ಬಟ್ಟೆ ಹಿಂಡುವಷ್ಟು ತೊಯ್ದಿತು. ಮಳೆಯಿಲ್ಲದೆ ಇಷ್ಟು ನೀರು ಹೇಗೆ ಬಂತೆಂದು ಬಯಲುಸೀಮೆಯ ಮಕ್ಕಳಿಗೆ ಸೋಜಿಗ. ನಮಗೂ ಸೋಜಿಗವೇ.

ಬೆಳಿಗ್ಗೆ ತಂದೆಯವರ ಲಿಂಗಪೂಜೆ ಮುಗಿಯುವುದನ್ನೇ ಕಾದು, ಕೈಮರದ ಚೆಕ್‌ಪೋಸ್ಟ್ ದಾಟಿ ಗಿರಿಯ ದಾರಿ ಹಿಡಿದೆವು. ಯುವಕರು ಸರ್ಪದಾರಿಯಲ್ಲಿ ಇಳಿದು ನಡೆದೇ ಹೊರಟರು. ಅಲ್ಲಿಂದ ಶಿಖರಕ್ಕೆ ಮೂರು ನಾಲ್ಕು ಕಿಲೋಮೀಟರುಗಳ ಕಾಲುಹಾದಿ; ಹೆಸರಿಗೆ ತಕ್ಕಂತೆ ಹಾವಿನ ಹಾಗೆ ಬಳುಕುತ್ತ ಏರುತ್ತದೆ, ನೆರಳೆಂಬುದಿಲ್ಲ. ನಾವು ಹಿರಿಯರೊಡನೆ ವಾಹನದಲ್ಲಿ ಸೀತಾಳಯ್ಯನಗಿರಿಗೆ ಬಂದೆವು. ಸೀತಾಳ ಮಲ್ಲಿಕಾರ್ಜುನನ ಗುಡಿಯಲ್ಲಿ ಲಿಂಗದ ಸುತ್ತ ನೀರು ನಿಂತಿರುವುದೇ ವಿಶೇಷ. ಅದು ಹೆಚ್ಚುವುದೂ ಇಲ್ಲ, ಬತ್ತುವುದೂ ಇಲ್ಲವೆಂಬುದು ಭಕ್ತರ ನಂಬಿಕೆ. ತಂದೆಯವರು ಕೈಮುಗಿದು ನಿಂತರು. ಏನು ಬೇಡಿಕೊಂಡರೆಂದು ನಾವು ಕೇಳಲಿಲ್ಲ.

ಗುಡಿಯಿಂದ ಹೊರಬಂದಾಗ ಮಂಜು ಸರಿದು ಗಿರಿಗಳು ಒಂದರ ಹಿಂದೊಂದು ತೆರೆದುಕೊಂಡವು. ಆ ನೋಟವನ್ನು ವರ್ಣಿಸಲು ನಮ್ಮಲ್ಲಿ ಮಾತಿಲ್ಲ. ಬೆಟ್ಟದ ಮೈಯೆಲ್ಲ ಗಾಳಿಗೆ ಬಾಗುವ ಹುಲ್ಲು. ಎರಡು ಗುಡ್ಡಗಳು ಕೂಡುವ ಮಡಿಕೆಗಳಲ್ಲಿ ಮಾತ್ರ, ಗೀಟು ಎಳೆದಂತೆ ಕಪ್ಪಗೆ ಒತ್ತಾದ ಕಾಡು. ಹನ್ನೆರಡು ವರ್ಷಕ್ಕೊಮ್ಮೆ ನೀಲಕುರಿಂಜಿ ಅರಳಿದಾಗ ಈ ಇಳಿಜಾರುಗಳೇ ನೀಲಿಯಾಗುತ್ತವೆ. ನಾವು ಹೋದಾಗ ಹೂವಿರಲಿಲ್ಲ.

ಮುಳ್ಳಯ್ಯನಗಿರಿಯ ಬುಡದಲ್ಲಿ ಯುವಕರು ನಮ್ಮನ್ನು ಕೂಡಿಕೊಂಡು ಗೋಣಿಚೀಲವನ್ನು ಇಳಿಸಿದರು. ಅಲ್ಲಿಯೇ ಇದ್ದ ಅರಣ್ಯ ಇಲಾಖೆಯ ಕಾವಲುಗಾರರೊಬ್ಬರು ಬಂದು ಚೀಲದಲ್ಲಿ ಏನೆಂದು ವಿಚಾರಿಸಿದರು. ಹುಡುಗರು ಹೆಮ್ಮೆಯಿಂದ ತೋರಿಸಿದರು. ಅವರು ಒಂದು ಉಂಡೆಯನ್ನು ಕೈಗೆ ತೆಗೆದುಕೊಂಡು ನೋಡಿ, ಮತ್ತೆ ಚೀಲಕ್ಕೇ ಹಾಕಿದರು.

"ಸ್ವಾಮಿ, ಇದು ಬೋಳುಗುಡ್ಡ ಅಲ್ಲ. ಹುಲ್ಲೇ ಇಲ್ಲಿನ ಕಾಡು. ನಿಮ್ಮ ಬೀಜ ಇಲ್ಲಿ ಹುಟ್ಟೋದಿಲ್ಲ, ಹುಟ್ಟಿದರೆ ಇನ್ನೂ ಕಷ್ಟ" ಎಂದರು.

ನಮಗೆ ಮುಖಭಂಗವಾದಂತಾಯಿತು. ಆದರೆ ಅವರು ಅರ್ಧ ಗಂಟೆ ನಿಂತು ತಿಳಿಸಿಹೇಳಿದ್ದನ್ನು ಇಲ್ಲಿ ಬರೆಯದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ. ಈ ಎತ್ತರದಲ್ಲಿ ಬೀಸುಗಾಳಿ, ಚಳಿಗಾಲದ ಶೀತ, ತೆಳುವಾದ ಮಣ್ಣು ಇವೆಲ್ಲವನ್ನೂ ತಾಳಿಕೊಂಡು ಸಾವಿರಾರು ವರ್ಷಗಳಿಂದ ಇರುವುದು ಹುಲ್ಲು. ಮಣ್ಣು ಆಳವಾಗಿದ್ದು ಗಾಳಿಗೆ ಮರೆಯಿರುವ ಮಡಿಕೆಗಳಲ್ಲಿ ಮಾತ್ರ ಶೋಲಾ ಕಾಡು ನಿಲ್ಲುತ್ತದೆ. ಮುಂಗಾರಿನ ನಾಲ್ಕು ತಿಂಗಳು ಸುರಿಯುವ ಮಳೆಯನ್ನು ಹುಲ್ಲಿನ ಬೇರುಗಳ ಹೆಣಿಗೆ ತಡೆದು, ಮಣ್ಣು ಅದನ್ನು ಹೀರಿಕೊಂಡು, ಶೋಲೆಯ ಒರತೆಗಳಲ್ಲಿ ಸ್ವಲ್ಪಸ್ವಲ್ಪವಾಗಿ ಹೊರಗೆ ಬಿಡುತ್ತದೆ. ಮಳೆ ನಿಂತ ತಿಂಗಳುಗಳ ಮೇಲೂ ಹಳ್ಳ ಹರಿಯುವುದು ಹೀಗೆ. ಬ್ರಿಟಿಷರ ಕಾಲದಿಂದ ನೀಲಗಿರಿ ಬೆಟ್ಟಗಳಲ್ಲಿ ಇಂತಹ ಹುಲ್ಲುಗಾವಲುಗಳನ್ನು ಪಾಳುಭೂಮಿಯೆಂದು ಬಗೆದು ವ್ಯಾಟಲ್, ನೀಲಗಿರಿ ಮರಗಳನ್ನು ನೆಟ್ಟರು. ಅವು ಹುಲ್ಲನ್ನು ನುಂಗಿದವು, ನೆಲದ ನೀರನ್ನೂ ಕುಡಿದವು. ಈಗ ಅಲ್ಲಿ ಅದೇ ಮರಗಳನ್ನು ಕಿತ್ತು ಹುಲ್ಲು ನೆಡುವ ಪ್ರಯತ್ನ ನಡೆದಿದೆ. ನಮ್ಮ ಗೋಣಿಚೀಲ ಅದೇ ಅಪಚಾರದ ಚಿಕ್ಕ ಪ್ರತಿಯಾಗಿತ್ತು. ಸದುದ್ದೇಶವೊಂದೇ ಅದಕ್ಕೆ ಮರೆ.

ಶಿಖರಕ್ಕೆ ಸುಮಾರು ಐನೂರು ಮೆಟ್ಟಿಲುಗಳಿವೆ. ಯುವಕರೂ ನಾವೂ ಹತ್ತಿದೆವು. ಸಮುದ್ರಮಟ್ಟದಿಂದ 1930 ಮೀಟರು ಎತ್ತರದ ಇದು ಕರ್ನಾಟಕದಲ್ಲೇ ಅತಿ ಎತ್ತರದ ಶಿಖರ. ತುದಿಯಲ್ಲಿ ಮುಳ್ಳಪ್ಪಸ್ವಾಮಿಯವರ ಗದ್ದುಗೆ. ಅವರು ತಪಸ್ಸು ಮಾಡಿದ ಗವಿಗಳು ಕೆಳಗೆ ಇವೆಯೆಂಬುದು ಐತಿಹ್ಯ. ದರ್ಶನ ಮಾಡಿ ಹೊರಗಿನ ಕಟ್ಟೆಯ ಮೇಲೆ ನಿಂತರೆ ಪೂರ್ವಕ್ಕೆ ಬಯಲುಸೀಮೆ ಚಾಪೆ ಹಾಸಿದಂತೆ. ದೂರದಲ್ಲಿ ಮಿನುಗುತ್ತಿದ್ದ ಕೆರೆಯನ್ನು ಪಕ್ಕದವರೊಬ್ಬರು ಅಯ್ಯನಕೆರೆಯೆಂದು ಗುರುತಿಸಿಕೊಟ್ಟರು. ಅದರಾಚೆ ಎಲ್ಲೋ ನಮ್ಮ ಊರು. ಗುಡಿಯ ಹಿಂಬದಿಯಲ್ಲಿ ಪ್ಲಾಸ್ಟಿಕ್ ಬಾಟಲಿ, ಕುರುಕಲು ತಿಂಡಿಯ ಪೊಟ್ಟಣಗಳು ರಾಶಿಯಾಗಿ ಬಿದ್ದಿದ್ದವು. ಗದ್ದುಗೆಗೆ ಅಡ್ಡಬಿದ್ದವರೇ ಅಲ್ಲಿ ಎಸೆದು ಹೋಗಿದ್ದಾರೆಂಬುದರಲ್ಲಿ ನಮಗೆ ಸಂಶಯವಿಲ್ಲ. ಹುಡುಗರು ತಮ್ಮ ಕೈಲಾದಷ್ಟನ್ನು ಚೀಲಗಳಿಗೆ ತುಂಬಿಕೊಂಡರು.

ಇಳಿದು ಬಂದಾಗ ತಂದೆಯವರು ವಾಹನದ ಬಳಿ ಇರಲಿಲ್ಲ. ಎದೆ ಧಸಕ್ಕೆಂದಿತು. ತಾಯಿಯವರು ಕೈ ತೋರಿದ ಕಡೆ ನೋಡಿದರೆ, ರಸ್ತೆಯ ಕೆಳಬದಿಯ ಹುಲ್ಲಿನಲ್ಲಿ ಕಿರಿಯ ಮೊಮ್ಮಗನ ಭುಜ ಹಿಡಿದು ಕುಳಿತಿದ್ದಾರೆ. ಹತ್ತಿರ ಹೋದೆವು. ಹುಲ್ಲಿನ ಬುಡದ ಕರಿಮಣ್ಣಿನಿಂದ ನೀರು ಒಸರುತ್ತಿತ್ತು. ಹರಿಯುತ್ತಿತ್ತೆನ್ನಲಾಗದು, ಬೆರಳು ಅದ್ದಿದರೆ ಬೆರಳು ತೊಯ್ಯುವಷ್ಟು. ತಂದೆಯವರು ಅಂಗೈಯನ್ನು ಅಲ್ಲಿಯೇ ಊರಿದ್ದರು.

"ಅಜ್ಜ, ಇಷ್ಟೇನಾ?" ಎಂದು ಮೊಮ್ಮಗ ಕೇಳುತ್ತಿದ್ದ.

"ಇಷ್ಟೇ ಕಣಪ್ಪ" ಎಂದರು ತಂದೆಯವರು. "ಇದು ನಿಂತಿದ್ದಕ್ಕೇ ನಾನು ಮರ ಕಡಿಸಿದ್ದು."

ಆ ಒರತೆ ವೇದೆಗೇ ಸೇರುವುದೋ ಯಗಚಿಗೋ ಎಂದು ಯಾರೂ ತರ್ಕಿಸಲಿಲ್ಲ.

ಹೋಗಬಯಸುವ ಬಂಧುಗಳಿಗೆ ಎರಡು ಮಾತು. ಮುಂಗಾರಿನಲ್ಲಿ ಇಂಬಳಗಳ ಕಾಟವುಂಟು, ಗುಡ್ಡ ಜರಿಯುವ ಭಯವೂ ಉಂಟು. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಹಿತ. ದೀಪಾವಳಿಯ ದೇವೀರಮ್ಮನ ಬೆಟ್ಟದ ಜಾತ್ರೆಯ ದಿನಗಳಲ್ಲಿ ಜನಸಂದಣಿ ವಿಪರೀತ. ಗಿರಿಗೆ ಹೋಗುವ ವಾಹನಗಳಿಗೆ 2025ರಿಂದ ಮುಂಗಡ ನೋಂದಣಿಯ ಪದ್ಧತಿ ಬಂದಿದೆ, ವಿಚಾರಿಸಿಕೊಂಡೇ ಹೊರಡಬೇಕು. ನಡೆಯುವವರು ಹಾದಿ ಬಿಟ್ಟು ಹುಲ್ಲಿನ ಮೇಲೆ ಹೊಸ ದಾರಿ ಮಾಡಬಾರದು. ಹಾಗೆ ಸವೆದ ಕಡೆಗಳಲ್ಲಿ ಮೊದಲ ಮಳೆಗೇ ಕೊರಕಲು ಬೀಳುತ್ತದೆ.

ಮರುದಿನ ಸಖರಾಯಪಟ್ಟಣಕ್ಕೆ ಬಂದು, ಶಕುನಗಿರಿಯ ಬುಡದಲ್ಲಿ ತುಂಬಿ ನಿಂತಿದ್ದ ಅಯ್ಯನಕೆರೆಯ ಏರಿಯ ಮೇಲೆ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ಊಟ ಮಾಡಿ ಊರಿಗೆ ಮರಳಿದೆವು. ಬೀಜದುಂಡೆಯ ಚೀಲವೂ ನಮ್ಮೊಡನೆ ಹಿಂದಕ್ಕೆ ಬಂತು. ಮುಂದಿನ ಜೂನಿನ ಮೊದಲ ಹದಮಳೆಗೆ ಹುಡುಗರು ಅವನ್ನು ನಾಲೆಯ ದಂಡೆಯುದ್ದಕ್ಕೂ ಹಾಕಿದರು. ಅನೇಕವು ಮೊಳೆತವು, ಮೊಳೆತವುಗಳಲ್ಲಿ ಹೆಚ್ಚಿನವನ್ನು ಆಡುಗಳು ಮೇಯ್ದವು. ಒಂಬತ್ತು ಹೊಂಗೆ ಗಿಡಗಳು ಉಳಿದಿವೆ. ತಂದೆಯವರು ಸಂಜೆ ಕೋಲೂರಿಕೊಂಡು ಹೋಗಿ ಅವುಗಳಿಗೆ ಮುಳ್ಳುಬೇಲಿ ಸರಿಯಾಗಿದೆಯೇ ಎಂದು ನೋಡಿ ಬರುತ್ತಾರೆ.