ರಾಮಟೇಕದಲ್ಲಿ ಆಷಾಢದ ಮೊದಲ ದಿನ

ನಾಗಪುರದ ಕನ್ನಡಿಗರಿಗೆ ರಾಮಟೇಕವನ್ನು ಪರಿಚಯ ಮಾಡಿಕೊಡಹೊರಡುವುದೆಂದರೆ ಧಾರವಾಡದವರಿಗೆ ಪೇಢೆಯ ರುಚಿಯನ್ನು ವರ್ಣಿಸಹೋದಂತೆ. ಇಲ್ಲಿಂದ ಸುಮಾರು 50 ಕಿಲೋಮೀಟರು ದೂರದ ಆ ಬೆಟ್ಟವನ್ನು ನೀವೆಲ್ಲರೂ ಕಂಡಿದ್ದೀರಿ. ಊರಿನಿಂದ ಬಂದ ನೆಂಟರನ್ನು ಕಾರಿನಲ್ಲಿ ಕೂರಿಸಿಕೊಂಡು ಮೇಲಕ್ಕೆ ಹೋಗಿ, ರಾಮದರ್ಶನ ಮಾಡಿಸಿ, ಖಿಂಡ್ಸಿ ಕೆರೆಯಲ್ಲಿ ದೋಣಿ ಹತ್ತಿಸಿ, ಸಂಜೆಗೆ ಹಿಂದಿರುಗಿದ್ದೀರಿ. ನಾವೂ ಒಮ್ಮೆ ಹಾಗೆಯೇ ಹೋಗಿಬಂದವರು. ಆದರೆ 2024ರ ಜುಲೈ 6ರಂದು, ಶನಿವಾರ, ಆಷಾಢ ಶುದ್ಧ ಪಾಡ್ಯದ ದಿನ, ನಾವು ಆ ಬೆಟ್ಟವನ್ನು ಕಾಲುನಡಿಗೆಯಲ್ಲಿ ಹತ್ತಿದ್ದು ಬೇರೆಯ ಮಾತು. ಅದನ್ನು ಬರೆಯಬೇಕೆನಿಸಿತು. ‘ನಾವು’ ಎಂದರೆ ಗಂಡಹೆಂಡಿರು. ಬರೆದವರು ಒಬ್ಬರು, ಬರೆದದ್ದರಲ್ಲಿ ಅರ್ಧವನ್ನು ಧಾರವಾಡದಿಂದಲೇ ಹೊಡೆದುಹಾಕಿಸಿದವರು ಇನ್ನೊಬ್ಬರು.

ಧಾರವಾಡದಿಂದ ಏಕೆ ಎಂದು ಕೇಳುವಿರಿ. ನಮ್ಮಲ್ಲಿ ಒಬ್ಬರು ಇಲ್ಲಿಯ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಇನ್ನೊಬ್ಬರು ಧಾರವಾಡದ ಶಾಲೆಯೊಂದರಲ್ಲಿ ಅಕ್ಕೋರು. ನಮ್ಮ ಕಡೆ ಮಕ್ಕಳು ಶಿಕ್ಷಕಿಯನ್ನು ಕರೆಯುವುದೇ ಹಾಗೆ. ಒಬ್ಬರದು ಕೇಂದ್ರದ ನೌಕರಿ, ಇನ್ನೊಬ್ಬರದು ರಾಜ್ಯದ್ದು. ಮದುವೆಯಾಗಿ ನಾಲ್ಕು ವರ್ಷ. ಸಂಸಾರ ಎರಡು ಊರಿನಲ್ಲಿ, ಎರಡು ಒಲೆ, ಎರಡು ಬಾಡಿಗೆ. ಅಕ್ಕೋರನ್ನು ನಾಗಪುರಕ್ಕೆ ವರ್ಗ ಮಾಡಿಸೋಣವೆಂದರೆ ರಾಜ್ಯವೇ ಬೇರೆ. ಇದರಲ್ಲಿಯೂ ಒಂದು ವಿನೋದವಿದೆ. 1956ರ ನವೆಂಬರ್ 1ರಂದು ಧಾರವಾಡವು ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. ಅದೇ ದಿನ ನಾಗಪುರವು ಮಧ್ಯಪ್ರದೇಶದ ರಾಜಧಾನಿ ಎಂಬ ಪದವಿಯನ್ನು ಕಳೆದುಕೊಂಡು ಮುಂಬಯಿ ರಾಜ್ಯಕ್ಕೆ ಬಂತು. ಒಬ್ಬರು ಬಾಗಿಲಲ್ಲಿ ಹೊರಗೆ ಹೋಗುವಾಗ ಇನ್ನೊಬ್ಬರು ಒಳಗೆ ಕಾಲಿಟ್ಟಂತೆ! ನಾವು ಹುಟ್ಟುವುದಕ್ಕೆ ಬಹಳ ಮೊದಲೇ ನಮ್ಮ ವರ್ಗದ ಅರ್ಜಿ ನಾಮಂಜೂರಾಗಿತ್ತು ಎಂದು ನಾವು ನಗುವುದುಂಟು.

ಆ ವಾರ ಅಕ್ಕೋರು ಶಾಲೆಗೆ ರಜೆ ಹಾಕಿ ಬಂದಿದ್ದರು. ಆಷಾಢದಲ್ಲಿ ಹೊಸ ಸೊಸೆ ತವರಿಗೆ ಹೋಗುವುದು ಪದ್ಧತಿ. ನಮ್ಮಲ್ಲಿ ಆಷಾಢಕ್ಕೆ ಹೆಂಡತಿ ಗಂಡನ ಬಳಿಗೆ ಬರುವಂತಾಗಿದೆ. ಬಂದದ್ದು ತಿರುಗಾಟಕ್ಕಲ್ಲ. ಹುಬ್ಬಳ್ಳಿಯಲ್ಲಿ ಒಂದು ಸ್ಥಳ ತೆರವಾಗಿತ್ತು. ಸ್ವಂತ ಕೋರಿಕೆಯ ಮೇಲೆ ವರ್ಗ ಬೇಕಾದವರು ಸೋಮವಾರ, ಅಂದರೆ 8ನೆಯ ತಾರೀಖಿನೊಳಗೆ ಅರ್ಜಿ ಕೊಡಬೇಕಾಗಿತ್ತು. ಆದರೆ ಹಾಗೆ ಹೋದವರಿಗೆ ಹಿಂದಿನ ಸೇವೆಯ ಸೀನಿಯಾರಿಟಿ ಇರುವುದಿಲ್ಲ. ಹೊಸ ಕಡೆಯ ಪಟ್ಟಿಯ ಕಟ್ಟಕಡೆಯಲ್ಲಿ ಹೆಸರು. ಒಂಬತ್ತು ವರ್ಷದ ಸೇವೆ, ಮುಂದಿನ ವರ್ಷ ಬರಬಹುದಾಗಿದ್ದ ಬಡ್ತಿ, ಎರಡೂ ಹೋದಂತೆ. ಗುಮಾಸ್ತರು ಅರ್ಜಿ ಕೊಡಲು ಸಿದ್ಧರಿದ್ದರು, ಅಕ್ಕೋರು ಒಪ್ಪಲಿಲ್ಲ. ಅಕ್ಕೋರು ನೌಕರಿ ಬಿಡಲು ಸಿದ್ಧರಿದ್ದರು, ಗುಮಾಸ್ತರು ಒಪ್ಪಲಿಲ್ಲ. ಎರಡು ದಿನ ಮನೆಯಲ್ಲಿ ಈ ಮಾತೇ ಆಗಿ, ಕೊನೆಗೆ ಮಾತೇ ನಿಂತಿತು. ಆಗ ಹೊಳೆದದ್ದು ರಾಮಟೇಕ.

ಬೆಳಿಗ್ಗೆ ಬೀದಿಯಂಗಡಿಯಲ್ಲಿ ತರ್ರಿ ಪೋಹೆ ತಿಂದು (ಅವಲಕ್ಕಿಯ ಮೇಲೆ ಕಡಲೆಯ ಖಾರದ ಸಾರು ಸುರಿದುಕೊಳ್ಳುವ ಈ ಸಾಹಸಕ್ಕೆ ಅಕ್ಕೋರು ಇನ್ನೂ ಒಗ್ಗಿಲ್ಲ), ಫಟಫಟಿಯ ಮೇಲೆ ಹೊರಟೆವು. ರೊಟ್ಟಿ, ಶೇಂಗಾಚಟ್ನಿಯ ಬುತ್ತಿ ಜೊತೆಗಿತ್ತು. ಅರ್ಜಿಯ ನಮೂನೆಯೂ ಇತ್ತು, ಮಡಚಿ ಚೀಲದ ತಳದಲ್ಲಿ. ಕಾಮಠಿಯ ದಂಡಿನ ಪ್ರದೇಶ, ಕನ್ಹಾನ್ ನದಿಯ ಸೇತುವೆ ದಾಟಿದರೆ ಎರಡೂ ಕಡೆ ಗದ್ದೆಗಳು. ರಸ್ತೆ 44ನೆಯ ರಾಷ್ಟ್ರೀಯ ಹೆದ್ದಾರಿ. ಹೆದ್ದಾರಿಗಳ ಸಂಖ್ಯೆ ಬದಲಾಯಿಸಿದ 2010ಕ್ಕೆ ಮೊದಲು ಇದು 7ನೆಯದು. ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ ಈ ರಸ್ತೆ ನಾಗಪುರದಿಂದ ದಕ್ಷಿಣಕ್ಕೆ ಹೈದರಾಬಾದು, ಕರ್ನೂಲು, ಅನಂತಪುರದ ಮೇಲೆ ಹಾಯ್ದು ನೇರವಾಗಿ ಬೆಂಗಳೂರನ್ನು ಮುಟ್ಟುತ್ತದೆ. ಪರಊರಿನಲ್ಲಿರುವವರಿಗೆ ಇಂಥ ಸಂಗತಿ ಒಂದು ಸಮಾಧಾನ. “ಇದs ರಸ್ತಾ ಬೆಂಗಳೂರಿಗೆ ಹೋಗ್ತದ,” ಎಂದು ಹೇಳಿದರೆ ಹಿಂದಿನ ಸೀಟಿನಿಂದ, “ನಾವು ಹೊಂಟಿದ್ದು ಉಲ್ಟಾ ದಿಕ್ಕಿಗೆ, ನೋಡಿಕೊಂಡು ಹೊಡೀರಿ,” ಎಂಬ ಉತ್ತರ ಬಂತು. ಮಾತು ಮತ್ತೆ ಶುರುವಾದದ್ದು ಅಲ್ಲಿಂದ.

ಮನಸರದಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಬೇಕು. ಅಲ್ಲಿ ಗಾಲಿ ಪಂಕ್ಚರ್ ಆಗಿ ಮುಕ್ಕಾಲು ಗಂಟೆ ಹೋಯಿತು. ಬೆಟ್ಟ ಆಗಲೇ ಕಾಣುತ್ತಿತ್ತು: ಬಯಲಿನ ನಡುವೆ ಕುದುರೆಯ ಲಾಳದಂತೆ ಬಾಗಿದ ಹಸಿರು, ತುದಿಯಲ್ಲಿ ಬೆಳ್ಳಗೆ ದೇವಾಲಯದ ಶಿಖರ.

ಮೋಟಾರು ಹೋಗುವ ರಸ್ತೆಯನ್ನು ಬಿಟ್ಟು ನಾವು ಅಂಬಾಳಾ ಕೆರೆಯ ಕಡೆಯಿಂದ ಹತ್ತಿದೆವು. ಬೆಟ್ಟದ ಮಡಿಲಲ್ಲಿರುವ ಈ ಕೆರೆಯ ಸುತ್ತ ಸೋಪಾನಗಳು, ಸಾಲು ಸಾಲಾಗಿ ಹಳೆಯ ಗುಡಿಗಳು. ಯಾರದೋ ಮನೆಯವರು ತಲೆ ಬೋಳಿಸಿಕೊಂಡು ಅಸ್ಥಿ ಬಿಡಲು ಬಂದಿದ್ದರು. ನಾವು ಸದ್ದಿಲ್ಲದೆ ಪಕ್ಕದಿಂದ ಹಾಯ್ದು ಮೆಟ್ಟಿಲು ಸೇರಿದೆವು. ಯಾತ್ರಿಕರ ಹಳೆಯ ದಾರಿ ಇದು. ಸವೆದ ಕಲ್ಲು, ಅಲ್ಲಲ್ಲಿ ಪಾಚಿ, ಎರಡೂ ಕಡೆ ಕುರುಚಲು ಕಾಡು. ಅಕ್ಕೋರು ಶಾಲೆಯ ರೂಢಿಯಂತೆ ಮೆಟ್ಟಿಲನ್ನು ಎಣಿಸುತ್ತ ಹೊರಟರು. ಇನ್ನೂರರ ಹತ್ತಿರ ಒಂದು ಕರಿಮುಖದ ಮುಸುವ ಬುತ್ತಿಯ ಚೀಲಕ್ಕೆ ಕೈಹಾಕಿತು. ಚೀಲ ಉಳಿಯಿತು, ಎರಡು ರೊಟ್ಟಿ ಹೋದವು, ಲೆಕ್ಕವೂ ತಪ್ಪಿತು. ಆಮೇಲೆ ಎಣಿಸಲಿಲ್ಲ. ವರ್ಷವಿಡೀ ಕುರ್ಚಿಯ ಮೇಲೆ ಕೂತ ಗುಮಾಸ್ತರು ಮೂರು ಕಡೆ ಕೂತು ಕೂತು ಹತ್ತಿದರೆಂಬುದನ್ನು ಬರೆಯಲೇಬೇಕೆಂದು ಧಾರವಾಡದಿಂದ ಆಜ್ಞೆಯಾಗಿದೆ.

ಮೇಲೆ ಕೋಟೆಯ ಬಾಗಿಲುಗಳು ಒಂದರ ಹಿಂದೊಂದು. ಮೊದಲಿನದು ವರಾಹ ದರವಾಜೆ. ಅಲ್ಲಿರುವ ಕಲ್ಲಿನ ವರಾಹ ವಾಕಾಟಕರ ಕಾಲದ್ದು. ಹದಿನೈದು ನೂರು ವರ್ಷಗಳಿಂದ ನಾಲ್ಕು ಕಾಲೂರಿ ನಿಂತಿದೆ. ಅದರ ಹೊಟ್ಟೆಯಡಿ ನುಸುಳಿ ಆಚೆ ಬಂದವರು ಪುಣ್ಯವಂತರು, ಸಿಕ್ಕಿಕೊಂಡವರು ಪಾಪಿಗಳು ಎಂಬ ಜನರ ನಂಬಿಕೆ. ಅಕ್ಕೋರು ನುಸುಳಿದರು. ಗುಮಾಸ್ತರು ತಮ್ಮ ಹೊಟ್ಟೆಯನ್ನೂ ವರಾಹದ ಹೊಟ್ಟೆಯನ್ನೂ ಹೋಲಿಸಿ ನೋಡಿ, ಪರೀಕ್ಷೆಗೆ ಕೂರದೆಯೇ ಮುಂದೆ ಹೋದರು. ಹತ್ತಿರದಲ್ಲೇ ಕೇವಲ ನರಸಿಂಹ, ರುದ್ರ ನರಸಿಂಹ ಎಂಬ ಎರಡು ಚಿಕ್ಕ ಗುಡಿಗಳಿವೆ. ರಾಮಲಕ್ಷ್ಮಣರ ಗುಡಿಗೆ ಧಾವಿಸುವ ಭಕ್ತರು ಇವನ್ನು ಗಮನಿಸುವುದು ಕಡಿಮೆ. ಆದರೆ ಬೆಟ್ಟದ ಮೇಲಿನ ನಿಜವಾದ ಹಿರಿಯರು ಇವೇ. ಒಳಗೆ ಕುಳಿತ ನರಸಿಂಹನ ಮೈಕಟ್ಟನ್ನು ನಿಂತು ನೋಡಬೇಕು.

ಈ ಬೆಟ್ಟಕ್ಕೇ ಶಂಬೂಕನ ಕಥೆಯನ್ನೂ ಹೇಳುತ್ತಾರೆ. ತಪಸ್ಸು ಮಾಡಿದ ಶೂದ್ರನನ್ನು ರಾಮನು ಕೊಂದದ್ದು ಇಲ್ಲಿಯೇ ಅಂತೆ. ಅವನ ಹೆಸರಿಗೆ ಸೇರಿದ ಧೂಮ್ರೇಶ್ವರ ಎಂಬ ಶಿವಾಲಯವೂ ಇದೆ. ಕುವೆಂಪು 1944ರ ‘ಶೂದ್ರ ತಪಸ್ವಿ’ ನಾಟಕದಲ್ಲಿ ಈ ಕಥೆಯನ್ನೇ ತಿರುಗಿಸಿ, ಶಂಬೂಕನನ್ನು ಉಳಿಸಿ ಬ್ರಾಹ್ಮಣನಿಗೆ ಬುದ್ಧಿ ಬರಿಸಿದರು. ಅದಕ್ಕಾಗಿ ಮಾಸ್ತಿಯವರೊಡನೆ ವಾದವೂ ಆಯಿತು. ಆ ಶಿವಾಲಯದ ಮುಂದೆ ನಿಂತಾಗ ನಮಗೆ ಕುವೆಂಪು ಪಕ್ಷವೇ ಸರಿ ಎನಿಸಿತು.

ಆದರೆ ನಾವು ಹತ್ತಿದ್ದು ಕಾಳಿದಾಸನಿಗಾಗಿ. ಮೇಘದೂತದ ಯಕ್ಷನಿದ್ದ ರಾಮಗಿರಿ ಇದೇ ಎಂದು ನಾಗಪುರದ ಮಹಾವಿದ್ವಾಂಸರಾದ ವಾ. ವಿ. ಮಿರಾಶಿಯವರು ಪ್ರತಿಪಾದಿಸಿದರು. ಮಲ್ಲಿನಾಥನು ಅದು ಚಿತ್ರಕೂಟವೆಂದಿದ್ದ. ಛತ್ತೀಸಗಢದ ರಾಮಗಢವೆನ್ನುವವರೂ ಇದ್ದಾರೆ. ಮಿರಾಶಿಯವರ ಕಡೆಗೆ ಒಂದು ಒಳ್ಳೆಯ ಸಾಕ್ಷ್ಯವಿದೆ. ಗುಪ್ತ ಚಕ್ರವರ್ತಿ ಎರಡನೆಯ ಚಂದ್ರಗುಪ್ತನ ಮಗಳು ಪ್ರಭಾವತಿಗುಪ್ತಾ ವಾಕಾಟಕರಿಗೆ ಸೊಸೆಯಾಗಿ ಬಂದು, ಬೇಗ ವಿಧವೆಯಾಗಿ, ಎಳೆಯ ಮಕ್ಕಳ ಹೆಸರಿನಲ್ಲಿ ಈ ನಾಡನ್ನು ಆಳಿದಳು. ಅವಳ ರಿದ್ಧಪುರ ತಾಮ್ರಪಟ ಹೊರಟದ್ದು ರಾಮಗಿರಿಸ್ವಾಮಿಯ ಪಾದಮೂಲದಿಂದ ಎಂದು ಅದರಲ್ಲಿಯೇ ಬರೆದಿದೆ.

ಆ ಯಕ್ಷನು ಯಾರು? ನಮ್ಮ ದೃಷ್ಟಿಯಲ್ಲಿ ಅವನೊಬ್ಬ ನೌಕರ. ಕೆಲಸದಲ್ಲಿ ಅಲಕ್ಷ್ಯ ತೋರಿದ್ದಕ್ಕೆ ಒಡೆಯನಾದ ಕುಬೇರನು ಅವನನ್ನು ಒಂದು ವರ್ಷ ದೂರದ ಊರಿಗೆ ಹಾಕಿದ. ಹೆಂಡತಿ ಅಲಕೆಯಲ್ಲಿ, ಇವನು ರಾಮಗಿರಿಯಲ್ಲಿ. ಆಷಾಢದ ಮೊದಲ ದಿನ ಬೆಟ್ಟಕ್ಕೆ ತಗುಲಿದ ಮೋಡವನ್ನು ಕಂಡು ಸಂದೇಶ ಹೇಳುವ ಹೊತ್ತಿಗೆ ಎಂಟು ತಿಂಗಳು ಕಳೆದಿತ್ತು, ಉಳಿದದ್ದು ನಾಲ್ಕೇ. ಬೇಂದ್ರೆಯವರು 1943ರಲ್ಲಿ ಇದನ್ನು ‘ಕನ್ನಡ ಮೇಘದೂತ’ವೆಂದು ನಮ್ಮ ಭಾಷೆಗೆ ತಂದರು. ಮರುವರ್ಷವೇ ಅವರು ಸೊಲ್ಲಾಪುರದ ಡಿ.ಎ.ವಿ. ಕಾಲೇಜಿಗೆ ಹೋಗಿ 1956ರವರೆಗೆ ಅಲ್ಲಿ ಕೆಲಸ ಮಾಡಿದರು. ಸಾಧನಕೇರಿಯನ್ನು ಬಿಟ್ಟು ಹೊಟ್ಟೆಪಾಡಿಗೆ ಪರಊರಿನಲ್ಲಿರುವುದೇನೆಂಬುದು ಅವರಿಗೂ ಗೊತ್ತಿತ್ತು.

ಕಾಳಿದಾಸ ಸ್ಮಾರಕದ ಹತ್ತಿರ, ಕೆಳಗಿನ ಬಯಲೆಲ್ಲ ಕಾಣುವ ಕಟ್ಟೆಯ ಮೇಲೆ, ಉಳಿದ ರೊಟ್ಟಿ ಬಿಚ್ಚಿ ಕುಳಿತೆವು. ಮೋಡ ಇತ್ತು, ಆದರೆ ಕವಿ ಹೇಳಿದಂತೆ ಬೆಟ್ಟವನ್ನು ಅಪ್ಪಿರಲಿಲ್ಲ. ಎತ್ತರದಲ್ಲಿ ತೆಳ್ಳಗೆ ಉತ್ತರಕ್ಕೆ ಹೋಗುತ್ತಿತ್ತು.

“ಅಂವಗ ಒಂದೇ ವರ್ಷರೀ,” ಎಂದರು ಅಕ್ಕೋರು. “ನಮಗ ನಾಲ್ಕಾತು. ನಾವೇನ್ ತಪ್ಪು ಮಾಡಿದ್ವಿ?”

“ತಪ್ಪು ಮಾಡಿಲ್ಲ. ಇಬ್ಬರೂ ಪರೀಕ್ಷಾ ಪಾಸಾದ್ವಿ.”

ಅಕ್ಕೋರು ನಕ್ಕರು. ಆಮೇಲೆ ಬಹಳ ಹೊತ್ತು ಮೋಡವನ್ನೇ ನೋಡಿದರು. “ಈ ಮಾಡ ನಮ್ಮ ಉಪಯೋಗಕ್ಕಿಲ್ಲ. ಇವು ಉತ್ತರಕ್ಕ ಹೊಂಟಾವು. ಧಾರವಾಡಕ್ಕ ಹೇಳಿ ಕಳಸೋದಿದ್ರ ಹಿಂಗಾರಿಗೆ ಹೇಳ್ರಿ.”

ಮಾತು ಹಾಸ್ಯಕ್ಕೆ ಆಡಿದ್ದಾದರೂ ಭೂಗೋಳಕ್ಕೆ ಸರಿಯಾಗಿತ್ತು. ಹಿಂಗಾರು ಈಶಾನ್ಯದಿಂದ ಬೀಸುವ ಗಾಳಿ. ಧಾರವಾಡಕ್ಕೆ ನಾಗಪುರ ಇರುವುದು ಈಶಾನ್ಯಕ್ಕೇ. ಕಾಳಿದಾಸನ ಯಕ್ಷ ದಕ್ಷಿಣದವನಾಗಿದ್ದರೆ ಕಾವ್ಯ ಕಾರ್ತಿಕದಲ್ಲಿ ಶುರುವಾಗುತ್ತಿತ್ತೇನೋ!

ಆ ರಾತ್ರಿ ಕೆರೆಯ ಹತ್ತಿರದ ವಸತಿಗೃಹವೊಂದರಲ್ಲಿ ಉಳಿದೆವು. ಅದರ ಊಟದ ವಿಷಯವಾಗಿ ಏನೂ ಬರೆಯದಿರುವುದೇ ಮೇಲು.

ಭಾನುವಾರ ಬೆಳಿಗ್ಗೆ ನಗರಧನಕ್ಕೆ ಹೋದೆವು. ರಾಮಟೇಕದಿಂದ ದಕ್ಷಿಣಕ್ಕೆ ಕೆಲವೇ ಕಿಲೋಮೀಟರು. ಈಗ ಕಾಣುವ ಕೋಟೆ ಭೋಸಲೆಯವರ ಕಾಲದ್ದು. ನೆಲದಡಿಯದು ವಾಕಾಟಕರ ರಾಜಧಾನಿ ನಂದಿವರ್ಧನ. 2015ರಿಂದ 2018ರವರೆಗೆ ನಡೆದ ಉತ್ಖನನದಲ್ಲಿ ಪ್ರಭಾವತಿಗುಪ್ತೆಯ ಹೆಸರು, ಶಂಖದ ಗುರುತು ಇರುವ ಮಣ್ಣಿನ ಮುದ್ರೆ ಸಿಕ್ಕಿತು. ಕಚೇರಿಯ ಮುದ್ರೆಗಳ ನಡುವೆ ಬದುಕುವ ಗುಮಾಸ್ತರಿಗೆ ಇದು ಹಿಡಿಸಿತು. ಅಕ್ಕೋರಿಗೆ ಹಿಡಿಸಿದ್ದು ಬೇರೆ. ಪ್ರಭಾವತಿಯ ಮೊಮ್ಮಗ ನರೇಂದ್ರಸೇನನ ರಾಣಿ ಅಜ್ಝಿತಭಟ್ಟಾರಿಕೆ ಕುಂತಲದೊಡೆಯನ ಮಗಳೆಂದು ಬಾಲಾಘಾಟದ ತಾಮ್ರಪಟದಲ್ಲಿದೆ. ಆ ಕುಂತಲದೊಡೆಯ ಬನವಾಸಿಯ ಕದಂಬ ಕಾಕುಸ್ಥವರ್ಮನೆಂದು ವಿದ್ವಾಂಸರು ಹೇಳುತ್ತಾರೆ. ಅವನು ತನ್ನ ಹೆಣ್ಣುಮಕ್ಕಳನ್ನು ಗುಪ್ತರೇ ಮೊದಲಾದ ದೊಡ್ಡ ಮನೆತನಗಳಿಗೆ ಕೊಟ್ಟನೆಂದು ತಾಳಗುಂದದ ಶಾಸನವೂ ಸಾರುತ್ತದೆ. ಎಂದರೆ ಐದನೆಯ ಶತಮಾನದಲ್ಲಿಯೇ ನಮ್ಮ ಸೀಮೆಯ ಹುಡುಗಿಯೊಬ್ಬಳು ಸೊಸೆಯಾಗಿ ಈ ಕಡೆಗೆ ಬಂದಿದ್ದಳು. ತಾಮ್ರಪಟದಲ್ಲಿ ಅವಳ ಗಂಡನಿದ್ದಾನೆ, ಮಗನಿದ್ದಾನೆ, ತಂದೆಯ ನಾಡಿದೆ. ತವರಿಗೆ ಎಷ್ಟು ಸಲ ಹೋಗಿಬಂದಳೆಂಬುದಿಲ್ಲ.

“ಹೋಗಿರಾಕಿಲ್ಲ,” ಎಂದರು ಅಕ್ಕೋರು, ಕೋಟೆಯ ಗೋಡೆಯ ಮೇಲೆ ಕೂತು. ಸ್ವಲ್ಪ ಹೊತ್ತಿಗೆ, “ಆ ಫಾರಂ ತೆಗೀರಿ,” ಎಂದರು.

ಗುಮಾಸ್ತರು ಸೀನಿಯಾರಿಟಿಯ ಮಾತೆತ್ತಿದರು. ಎರಡು ದಿನ ಆ ಮಾತನ್ನು ಆಡುತ್ತಿದ್ದವರು ಅಕ್ಕೋರು. ಈಗ ಪಕ್ಷ ಬದಲಾಗಿತ್ತು. “ಬಡ್ತಿ ಕೊಟ್ಟು ಮತ್ತ ಎಲ್ಲಿಗೆ ಒಗೀತಾರೋ! ಮ್ಯಾಲಿಂದ ಹತ್ತನೇದವ್ರಾಗಿ ಇಲ್ಲಿರೋದಕಿಂತ ಕೆಳಗಿಂದ ಮೊದಲನೇದವ್ರಾಗಿ ಮನ್ಯಾಗಿರ್ರಿ. ನನ್ನ ಪಗಾರ ಐತಲ್ಲ.” ಫಟಫಟಿಯ ಸೀಟಿನ ಮೇಲೆ ಕಾಗದವಿಟ್ಟು ತುಂಬಿದೆವು. ‘ಹಿಂದಿನ ಸೀನಿಯಾರಿಟಿಯನ್ನು ಬಿಟ್ಟುಕೊಡಲು ಸಿದ್ಧನಿದ್ದೇನೆ’ ಎಂಬ ಸಾಲಿನ ಕೆಳಗೆ ಸಹಿ ಮಾಡುವಾಗ ಪೆನ್ನು ಒಮ್ಮೆ ನಿಂತಿತೆಂಬುದನ್ನು ಮುಚ್ಚಿಡುವುದಿಲ್ಲ. ವರ್ಗಕ್ಕೆ ಕಾರಣವೇನೆಂಬ ಜಾಗದಲ್ಲಿ ಕಚೇರಿಯ ಭಾಷೆಯಲ್ಲಿ ನಾಲ್ಕು ಸಾಲು ಬರೆಯಬೇಕೆಂದಿದ್ದೆವು. ಬರೆದದ್ದು ‘ಹೆಂಡತಿ ಧಾರವಾಡದಲ್ಲಿದ್ದಾಳೆ’ ಎಂದಷ್ಟೇ.

ಹಿಂದಿರುಗುವಾಗ ರಾಮಟೇಕದ ಪೇಟೆಯಲ್ಲಿ ಎಲೆ ಕೊಂಡೆವು. ಇದು ಹಿಂದಿನಿಂದಲೂ ವೀಳ್ಯದೆಲೆಯ ತೋಟಗಳಿಗೆ ಹೆಸರಾದ ಊರು. ಧಾರವಾಡದ ಅತ್ತೆಯವರಿಗೆ ಇದಕ್ಕಿಂತ ಒಳ್ಳೆಯ ಕಾಣಿಕೆ ಇಲ್ಲ. ಸೋಮವಾರ ಕಚೇರಿ ತೆರೆಯುತ್ತಲೇ ಅರ್ಜಿ ಕೊಟ್ಟು, ಅರ್ಧ ದಿನದ ರಜೆ ಹಾಕಿ, ಅಕ್ಕೋರನ್ನು ಮಹಾರಾಷ್ಟ್ರ ಎಕ್ಸ್‌ಪ್ರೆಸ್ಸಿಗೆ ಹತ್ತಿಸಿದೆವು. ಮೀರಜಿನಲ್ಲಿ ಇಳಿದು ಬೇರೆ ಗಾಡಿ ಹಿಡಿಯಬೇಕು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆ ಊರು ಮುಟ್ಟುವವರೆಗೂ ಬಾಡಿರಲಿಲ್ಲವಂತೆ.

ಧಾರವಾಡದಲ್ಲಿ ಹಿಂಗಾರು ಮಳೆ ಶುರುವಾಗಿದೆಯೆಂದು ನಿನ್ನೆ ಫೋನು ಬಂದಿತ್ತು. ಆದೇಶ ಇನ್ನೂ ಬಂದಿಲ್ಲ.