ಗಡಿಯಾರದ ಗೋಪುರದಿಂದ ಜವಳಗಿರಿಯ ಕಾಡಿಗೆ



ಅಣ್ಣಾ ಸಾಲೈಯಲ್ಲಿ ಬಸ್ಸಿನಲ್ಲಿ ಹೋಗುವಾಗ ಪಿ. ಓರ್ ಅಂಡ್ ಸನ್ಸ್ ಕಟ್ಟಡದ ಗಡಿಯಾರದ ಗೋಪುರವನ್ನು ನೀವು ನೋಡಿಯೇ ಇರುತ್ತೀರಿ. ಬ್ರಿಟಿಷರ ಕಾಲದಲ್ಲಿ ಈ ಅಂಗಡಿಯವರು ಗಡಿಯಾರ, ಒಡವೆಗಳ ಜೊತೆಗೆ ಬೇಟೆಯ ಬಂದೂಕುಗಳನ್ನೂ ಮಾರುತ್ತಿದ್ದರು. ಇದನ್ನು ಹೇಳಿದ್ದೇ ತಡ, ನನ್ನ ತಂಗಿಯ ಮಗ ಕೇಳಿದ: "ದೊಡ್ಡಮ್ಮಾ, ಸಿನಿಮಾದಲ್ಲಿ ಹೀರೋ ಒಂದೇ ಕೈಲಿ ಗಿರ್ರನೆ ತಿರುಗಿಸ್ತಾನಲ್ಲ, ಆ ಮೋಟು ರೈಫಲ್ ನಿಜವಾಗ್ಲೂ ಇತ್ತಾ?"

ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಅದು ಅಮೆರಿಕದ ವಿಂಚೆಸ್ಟರ್ ವಂಶದ್ದು. ಟ್ರಿಗರ್ ಸುತ್ತಲಿನ ಲಿವರನ್ನು ಕೆಳಕ್ಕೆ ತಳ್ಳಿದರೆ ಖಾಲಿ ತೋಟಾ ಹೊರಕ್ಕೆ ಹಾರುತ್ತದೆ. ಮೇಲಕ್ಕೆಳೆದರೆ ಹೊಸದು ಒಳಸೇರುತ್ತದೆ. 1873ರ ರೈಫಲಿನ ನಳಿಗೆ 24 ಇಂಚು. ಕುದುರೆಯ ಮೇಲೆ ಒಯ್ಯಲು ಅನುಕೂಲವಾಗಲೆಂದು ಮಾಡಿದ ಕಾರ್ಬೈನಿನದು 20 ಇಂಚು. ತೋಟಾಗಳು ನಳಿಗೆಯ ಅಡಿಯ ಕೊಳವೆಯಲ್ಲಿ ಸಾಲಾಗಿ ಕೂರುವುದರಿಂದ, ನಳಿಗೆ ಮೋಟಾದರೆ ತೋಟಾಗಳೂ ಕಡಿಮೆ: 15ರ ಬದಲು 12. ದಟ್ಟಕಾಡಿನಲ್ಲಿ ತಿರುಗುವವರಿಗೆ ಒಪ್ಪುವ 14, 15, 16 ಇಂಚಿನವೂ ಬಂದವು. ಅವಕ್ಕೆ 'ಟ್ರ್ಯಾಪರ್' ಎಂಬ ಹೆಸರು ನಿಂತಿತು. ಬಚ್ಚಿಟ್ಟುಕೊಂಡು ಓಡಾಡುವುದು ಸುಲಭವೆಂಬ ಭಯದಿಂದ 1934ರಲ್ಲಿ ಅಮೆರಿಕ 18 ಇಂಚಿಗಿಂತ ಮೋಟಾದ ರೈಫಲುಗಳಿಗೆ ನೋಂದಣಿ, ತೆರಿಗೆ ವಿಧಿಸಿತು. 1960ರಲ್ಲಿ ಆ ಮಿತಿ 16 ಇಂಚಿಗೆ ಇಳಿಯಿತು. ಇನ್ನು ತೀರಾ ಮೋಟಾದದ್ದು ಬರೀ ಆಟ. 1958ರ ಒಂದು ಟಿ.ವಿ. ಧಾರಾವಾಹಿಗಾಗಿ 1892ರ ಮಾದರಿಯನ್ನು ಕತ್ತರಿಸಿ ಅದನ್ನು ಮಾಡಿದ್ದರು!

ನಮ್ಮ ಸೀಮೆಯಲ್ಲಿ ಲಿವರ್ ರೈಫಲಿಗೆ ಹೆಸರು ತಂದವರು ಬೆಂಗಳೂರಿನ ಕೆನೆತ್ ಆಂಡರ್ಸನ್ (1910–1974). ಅವರ ಕೈಯಲ್ಲಿದ್ದದ್ದು 1895ರ ಮಾದರಿಯ .405 ವಿಂಚೆಸ್ಟರ್. ಹೊಸೂರಿನ ಆಚೆ, ಡೆಂಕಣಿಕೋಟೆ ಕಡೆಯ ಜವಳಗಿರಿಯ ನರಭಕ್ಷಕ ಹುಲಿಯ ಕಥೆ ಅವರ 1954ರ ಪುಸ್ತಕದಲ್ಲಿದೆ. ಆ ಸುತ್ತಿನಲ್ಲಿ ಇಂದಿಗೂ ಕನ್ನಡದ ಮಾತು ಕಿವಿಗೆ ಬೀಳುತ್ತದೆ. ಬಿ.ಎ. ಓದುವಾಗ ಆ ಪುಸ್ತಕವನ್ನು ರಾತ್ರಿಯೆಲ್ಲಾ ಓದಿದ್ದೆ. ಅಲ್ಲಿ ಬಂದೂಕು ತಿರುಗಿಸುವವರಿಲ್ಲ; ಕತ್ತಲಲ್ಲಿ ಉಸಿರು ಬಿಗಿಹಿಡಿದು ಕಾಯುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಆ ಬೇಟೆಯ ಕಾಲವೂ ಮುಗಿಯಿತು. ಮುಗಿದದ್ದೇ ಒಳ್ಳೆಯದಾಯಿತು.

ಮಕ್ಕಳೇ, ನಿಮ್ಮಲ್ಲಿ ಹಲವರು ಕನ್ನಡವನ್ನು ಚೆನ್ನಾಗಿ ಮಾತಾಡುತ್ತೀರಿ, ಓದಲು ಮಾತ್ರ ಹಿಂಜರಿಯುತ್ತೀರಿ. ಪೂರ್ಣಚಂದ್ರ ತೇಜಸ್ವಿಯವರು ಆಂಡರ್ಸನ್ ಬರಹಗಳನ್ನು 'ಕಾಡಿನ ಕಥೆಗಳು' ಎಂದು ಕನ್ನಡಕ್ಕೆ ತಂದಿದ್ದಾರೆ. ನನ್ನ ತಂಗಿಯ ಮಗ ಈಗ ಒಂದೊಂದೇ ಅಕ್ಷರ ಕೂಡಿಸಿ ಅದನ್ನು ಓದುತ್ತಿದ್ದಾನೆ. ಹುಲಿ ಹತ್ತಿರ ಬಂದಾಗ ಮಾತ್ರ, "ದೊಡ್ಡಮ್ಮಾ, ಬೇಗ ಓದಿ ಹೇಳಿ" ಎಂದು ಪುಸ್ತಕವನ್ನು ನನ್ನ ಕೈಗೆ ಕೊಡುತ್ತಾನೆ. ನಾನು ಓದುವುದಿಲ್ಲ!